ಏಕೀಕರಣದ ಕಥೆಗೆ ಯಾವ ಅನಿಮೇಷನ್? ಮೂರು ದಾರಿ ಹಿಡಿದು ನೋಡಿದೆ, ನನಗೆ ಒಗ್ಗಿದ್ದು ಕತ್ತರಿ ಮತ್ತು ಕಾಗದ

ಕರ್ನಾಟಕ ಏಕೀಕರಣದ ಬಗ್ಗೆ ಐದು ನಿಮಿಷದ ಅನಿಮೇಷನ್ ಮಾಡಿ, ರಾಜ್ಯೋತ್ಸವದ ದಿನ ಬಳ್ಳಾರಿಯ ನಮ್ಮ ಓಣಿಯಲ್ಲಿ ಪರದೆ ಕಟ್ಟಿ ತೋರಿಸಬೇಕು ಅಂತ ಹೊರಟಿದ್ದೆ. ಮೊದಲು ಆನ್‌ಲೈನ್‌ನಲ್ಲಿ ರೆಡಿಮೇಡ್ ಬೊಂಬೆಗಳಿರುವ ಒಂದು ಸಾಫ್ಟ್‌ವೇರ್‌ಗೆ ದುಡ್ಡು ಕಟ್ಟಿದೆ. ಆಮೇಲೆ ಒಬ್ಬ ಅನಿಮೇಟರ್‌ಗೆ ಕೆಲಸ ಕೊಟ್ಟೆ. ಕೊನೆಗೆ ಊಟದ ಮೇಜಿನ ಮೇಲೆ ಕಾಗದದ ನಕ್ಷೆ ಹರಡಿ, ಅದರ ತುಂಡುಗಳನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಮೊಬೈಲ್‌ನಲ್ಲಿ ಒಂದೊಂದೇ ಫೋಟೋ ತೆಗೆದೆ, ಅವನ್ನು ಒಂದರ ಹಿಂದೊಂದು ಓಡಿಸಿದರೆ ವಿಡಿಯೋ. ಅಲ್ಲೇ ಶುರು ಮಾಡಿದ್ದರೆ ಹನ್ನೊಂದು ಸಾವಿರಕ್ಕೂ ಹೆಚ್ಚು ರೂಪಾಯಿ ಉಳಿಯುತ್ತಿತ್ತು.

ಸಾಫ್ಟ್‌ವೇರ್‌ಗೆ ತಿಂಗಳಿಗೆ 2,400 ರೂಪಾಯಿ. ಬೊಂಬೆಗಳು ಚೆಂದ ಇದ್ದವು, ಕೈ ಆಡಿಸುತ್ತಿದ್ದವು. ಆದರೆ ಕನ್ನಡದಲ್ಲಿ ಹೆಸರು ಬರೆಯಲು ಹೋದರೆ ಒತ್ತಕ್ಷರ ಒಡೆಯುತ್ತಿತ್ತು. ‘ಬಳ್ಳಾರಿ’ ಅಂತ ಹಾಕಿದರೆ ‘ಬಳ್‌ಳಾರಿ’. ‘ಕರ್ನಾಟಕ’ ಅಂತ ಹಾಕಿದರೆ ‘ಕರ್‌ನಾಟಕ’. ಕನ್ನಡ ನಾಡು ಒಂದಾದ ಕಥೆ ಹೇಳುವಾಗ ನಾಡಿನ ಹೆಸರೇ ಎರಡು ತುಂಡಾಗಿ ಪರದೆ ಮೇಲೆ ಬಂದರೆ ಹೇಗೆ ಹೇಳಿ?

ಅದನ್ನು ಸರಿ ಮಾಡಲು ಒಂಬತ್ತು ದಿನ ಹೋಯಿತು. ಬೇರೆ ಫಾಂಟ್ ಏರಿಸಬೇಕೆಂದರೆ ಇನ್ನೂ ದೊಡ್ಡ ಪ್ಲಾನ್ ತಗೊಳ್ಳಿ ಅಂದಿತು. ಬದಲಾಯಿಸಿದೆ. ಡಿಟಿಪಿ ಮಾಡುವ ಗೆಳೆಯನ ಸಲಹೆಯಂತೆ ಹಳೇ ‘ನುಡಿ’ ಅನ್ನುವ ಕನ್ನಡ ಫಾಂಟ್ ಹಾಕಿದೆ. ಅಕ್ಷರ ಕೂಡಿಕೊಂಡವು. ಆದರೆ ಆ ಫಾಂಟ್‌ನಲ್ಲಿ ಒತ್ತು ಬೇರೆಯೇ ಒಂದು ತುಣುಕು. ಅಕ್ಷರಗಳು ಒಂದೊಂದಾಗಿ ಮೂಡುವ ಹಾಗೆ ಮಾಡಿದರೆ ಮೊದಲು ಬರೀ ‘ಬಳಾ’ ಬರುತ್ತಿತ್ತು, ಆಮೇಲೆ ಕೆಳಗೆ ಒತ್ತು ಬಂದು ಕೂರುತ್ತಿತ್ತು. ಓದುವವರ ಕಣ್ಣು ಪ್ರತಿ ಪದಕ್ಕೂ ಎಡವುತ್ತದೆ.

ಕೊನೆಗೆ ಉಳಿದದ್ದು ಒಂದೇ ದಾರಿ. ಪ್ರತಿ ಸಾಲನ್ನೂ ಬೇರೆ ಕಡೆ ಟೈಪ್ ಮಾಡಿ, ಚಿತ್ರವಾಗಿ ಉಳಿಸಿ, ಒಂದೊಂದನ್ನೇ ಅಂಟಿಸುವುದು. 64 ಚಿತ್ರಗಳಾದವು. ಒಂದು ಇಸವಿ ತಪ್ಪಿದ್ದರೂ ಮತ್ತೆ ಟೈಪ್ ಮಾಡು, ಮತ್ತೆ ಉಳಿಸು, ಮತ್ತೆ ಅಂಟಿಸು. ಇತಿಹಾಸದ ವಿಡಿಯೋದಲ್ಲಿ ತಿದ್ದುಪಡಿ ಮುಗಿಯುವುದೇ ಇಲ್ಲ, ಅಲ್ವಾ? ಇಪ್ಪತ್ತನೇ ಚಿತ್ರಕ್ಕೇ ಕೈ ಸೋತಿತ್ತು.

ಇನ್ನು ಬೊಂಬೆಗಳ ಉಡುಪು. ಕೋಟು, ಟೈ, ಇಲ್ಲವೇ ರಾಜಸ್ಥಾನಿ ಪೇಟ. ಗಾಂಧಿ ಟೋಪಿ ಇರಲಿಲ್ಲ, ನಮ್ಮ ಕಡೆಯ ರುಮಾಲೂ ಇರಲಿಲ್ಲ.

ಅನಿಮೇಟರ್ ಕೆಲಸ ಬಲ್ಲವರು. ಒಂದು ನಿಮಿಷಕ್ಕೆ 9,000 ರೂಪಾಯಿ, ಎರಡು ಸಲ ತಿದ್ದುಪಡಿ ಉಚಿತ. ಮೈಸೂರು, ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ, ದಕ್ಷಿಣ ಕನ್ನಡ, ಕೊಡಗು ಎಲ್ಲವೂ ಜಾರಿಕೊಂಡು ಬಂದು ಒಂದಾಗುವ ದೃಶ್ಯ ಮಾಡಿಕೊಟ್ಟರು. ಬಣ್ಣ, ಬೆಳಕು, ಎಲ್ಲ ಅದ್ಭುತ. ಆದರೆ ನೋಡಿದಷ್ಟೂ ಕಸಿವಿಸಿ. ಭೂಮಿ ತಾನಾಗಿಯೇ ಕರಗಿ ಕೂಡಿಕೊಂಡ ಹಾಗಿತ್ತು. 1953ರ ಹುಬ್ಬಳ್ಳಿ ಗಲಭೆ, ಕನ್ನಡ ರಾಜ್ಯಕ್ಕಾಗಿ ಅದರಗುಂಚಿ ಶಂಕರಗೌಡರು ಮಾಡಿದ ಉಪವಾಸ, ರಾಜ್ಯಗಳ ಗಡಿ ಮರುವಿಂಗಡಣೆಗೆ ಬಂದ ಫಜಲ್ ಅಲಿ ಆಯೋಗ, ಇದ್ಯಾವುದೂ ಆಗಿಯೇ ಇಲ್ಲವೇನೋ ಅನ್ನಿಸುವಷ್ಟು ನುಣುಪು. ಅದೂ ಅಲ್ಲದೆ ಬಳ್ಳಾರಿಯೂ ಉಳಿದವುಗಳ ಜೊತೆಗೇ 1956ರಲ್ಲಿ ಬಂದು ಸೇರಿತ್ತು. ಅದು ತಪ್ಪು. ಅಷ್ಟರಲ್ಲಿ ನನ್ನ ಎರಡು ತಿದ್ದುಪಡಿ ಮುಗಿದಿದ್ದವು.

ಮೂರನೆಯದೇ ನನ್ನದು. ದಪ್ಪ ಡ್ರಾಯಿಂಗ್ ಶೀಟ್, ಬ್ಲೇಡು, ಬಣ್ಣ ಸೇರಿ 340 ರೂಪಾಯಿ. ಮೊಬೈಲನ್ನು ಮೇಲಿಂದ ಹಿಡಿಯುವ ಸ್ಟ್ಯಾಂಡು 650. ಸೆಕೆಂಡಿಗೆ ಆರು ಫೋಟೋ ಸಾಕು, ಐದು ನಿಮಿಷಕ್ಕೆ 1,800. ಹೆಸರುಗಳನ್ನು ಸ್ಕೆಚ್ ಪೆನ್ನಿನಲ್ಲಿ ನಾನೇ ಬರೆದೆ. ಒತ್ತಕ್ಷರ ಒಡೆಯುವ ಮಾತೇ ಇಲ್ಲ.

ಬಳ್ಳಾರಿಯ ತುಂಡಿಗೇ ಮೂರು ರಾತ್ರಿ ಹಿಡಿಯಿತು. ಇದು ಮದ್ರಾಸ್ ರಾಜ್ಯದಲ್ಲಿದ್ದ ಜಿಲ್ಲೆ. ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ಬ್ಲೇಡಿನಲ್ಲಿ ಮೂರು ಚೂರು ಕೊಯ್ದು, ಸೂಜಿ ಮೊನೆಯಿಂದ ಕೂದಲೆಳೆಯಷ್ಟು ಸರಿಸುತ್ತಾ ಫೋಟೋ ತೆಗೆದೆ. ಕಥೆ ಅಲ್ಲಿಗೇ ಮುಗಿಯಲಿಲ್ಲ. 1955ರ ವರದಿಯಲ್ಲಿ ಫಜಲ್ ಅಲಿ ಆಯೋಗ, ತುಂಗಭದ್ರಾ ಯೋಜನೆಯ ಕಾರಣಕ್ಕೆ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಿ ಅಂದಿತ್ತು. ಇಲ್ಲಿ ದೊಡ್ಡ ವಿರೋಧ ಬಂತು, ಕೊನೆಗೆ ಅವು ಇಲ್ಲೇ ಉಳಿದವು. ಇದನ್ನು ತೋರಿಸಲು ಆ ತುಂಡನ್ನು ಅರ್ಧ ಇಂಚು ಪೂರ್ವಕ್ಕೆ ಎಳೆದೆ, ಹತ್ತು ಫೋಟೋ ಅಲ್ಲೇ ನಡುಗಿಸಿದೆ, ಆಮೇಲೆ ವಾಪಸ್ ತಂದೆ. ಮಾತೇ ಇಲ್ಲದ ನಾಲ್ಕು ಸೆಕೆಂಡು. ಜನ ಕತ್ತು ಚಾಚಿ ನೋಡಿದ್ದು ಅಲ್ಲೇ.

ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು, “ನಮ್ಮ ತವರು ರಾಯದುರ್ಗ. ಅದನ್ನ ಯಾಕೆ ಕತ್ತರಿಸಿದೆಯಪ್ಪಾ?” ಅಂತ ಕೇಳಿದರು. ವಿಡಿಯೋ ನಿಲ್ಲಿಸಿ ಮಾತಾಡಿದೆವು. ಇಪ್ಪತ್ತು ನಿಮಿಷ ಹೋಗಿದ್ದೇ ತಿಳಿಯಲಿಲ್ಲ. ಆ ಅನಿಮೇಟರ್ ಮಾಡಿದ ಚೆಂದದ ನಿಮಿಷವನ್ನೂ ಅವತ್ತೇ ತೋರಿಸಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರೂ ಏನೂ ಕೇಳಲಿಲ್ಲ.

ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರಿನಂಥ ಚಿಕ್ಕ ಸಂಸ್ಥಾನಗಳಿಗೆ ತೊಗರಿ ಕಾಳು ಇಟ್ಟೆ. 1948ರಲ್ಲಿ ಅವು ಮುಂಬೈ ಪ್ರಾಂತಕ್ಕೆ ಸೇರಿದ್ದನ್ನು ತೋರಿಸಲು ಕಾಳುಗಳನ್ನು ಬೆರಳಿನಿಂದ ತಳ್ಳಿದರೆ ಆಯಿತು.

ಕಾಗದದ ಕೆಲಸದಲ್ಲೂ ತೊಂದರೆ ಇದೆ. ಕಿಟಕಿಯ ಬೆಳಕು ಬದಲಾದರೆ ವಿಡಿಯೋ ಮಿನುಗುತ್ತದೆ, ಅದಕ್ಕೇ ರಾತ್ರಿ ಟ್ಯೂಬ್‌ಲೈಟ್‌ನಲ್ಲೇ ಮಾಡಿ. ಕ್ಯಾಮೆರಾದ ಬೆಳಕನ್ನು ಲಾಕ್ ಮಾಡಿ. ಫ್ಯಾನ್ ಹಾಕುವಂತಿಲ್ಲ, ಬಳ್ಳಾರಿಯ ಸೆಕೆಯಲ್ಲಿ ಅದು ಸಣ್ಣ ಮಾತಲ್ಲ.

ನಾನು ಸಂಬಳದ ಮನುಷ್ಯ, ರಾತ್ರಿ ಎರಡು ತಾಸು ಬಿಡುವು ಸಿಗುತ್ತದೆ, ಕೈಗೆಲಸ ಇಷ್ಟ. ಅದಕ್ಕೆ ಇದು ಹೊಂದಿತು. ಕೈಯಲ್ಲಿ ದುಡ್ಡಿದ್ದು ಸಮಯ ಇಲ್ಲದವರು ಅನಿಮೇಟರ್ ಹತ್ತಿರವೇ ಹೋಗಿ. ಆದರೆ ಯಾವ ತಾಲ್ಲೂಕು ಯಾವ ದಿನ ಎಲ್ಲಿಗೆ ಹೋಯಿತು ಅಂತ ಮೊದಲೇ ಬರೆದುಕೊಟ್ಟುಬಿಡಿ. ರೆಡಿಮೇಡ್ ಬೊಂಬೆಯ ಸಾಫ್ಟ್‌ವೇರ್‌ಗೆ ದುಡ್ಡು ಕಟ್ಟುವ ಮುಂಚೆ, ಉಚಿತ ಟ್ರಯಲ್‌ನಲ್ಲಿ ‘ರಾಜ್ಯೋತ್ಸವ’ ಅಂತ ಒಂದು ಸಲ ಟೈಪ್ ಮಾಡಿ ನೋಡಿ.

ನನಗೆ ಒಟ್ಟು 19 ರಾತ್ರಿ ಬೇಕಾದವು. ಕಾಸರಗೋಡು ಕೇರಳಕ್ಕೆ ಹೋದ ಭಾಗ ಇನ್ನೂ ಬಾಕಿ ಇದೆ. ಅದರ ತುಂಡು ಕತ್ತರಿಸಿ ಮೇಜಿನ ಮೇಲೆ ಇಟ್ಟಿದ್ದೇನೆ, ಈ ಶನಿವಾರ ರಾತ್ರಿ ಶುರು ಮಾಡುತ್ತೇನೆ.