ಖಣದ ಕುಶನ್ ಕವರ್: ಬಟ್ಟೆಗೆ ಫುಲ್ ಮಾರ್ಕ್ಸ್, ಜಿಪ್ಪಿಗೆ ಸೊನ್ನೆ

ದಾವಣಗೆರೆಯ ನಮ್ಮ ಮನೆಯಲ್ಲಿರುವುದು ಬೂದು ಬಣ್ಣದ ಸೋಫಾ. ಅದರ ಜೊತೆ ಬಂದ ಐದು ದಿಂಬುಗಳೂ ಅದೇ ಬೂದು ಬಟ್ಟೆಯವು. ಹಾಲ್ ಥೇಟ್ ಕ್ಲಿನಿಕ್ಕಿನ ವೇಟಿಂಗ್ ರೂಮ್ ಥರ ಇತ್ತು. ಸೋಫಾ ಬದಲಿಸುವಷ್ಟು ದುಡ್ಡಿಲ್ಲ, ದಿಂಬಿನ ಕವರ್ ಬದಲಿಸಬಹುದಲ್ವಾ? ಎರಡು ಖಣದ್ದು, ಒಂದು ಲಂಬಾಣಿ ಕಸೂತಿಯದ್ದು, ಎರಡು ಪ್ಲೇನ್ ಹತ್ತಿಯವು ಅಂತ ಬೇರೆ ಬೇರೆ ಕಡೆಯಿಂದ ಕೊಂಡೆ.

ಮೊದಲು ಖಣ. ಇದು ಬಾಗಲಕೋಟೆ ಜಿಲ್ಲೆ ಗುಳೇದಗುಡ್ಡದ ಕುಬುಸದ ಬಟ್ಟೆ. ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಪಾರ್ಸೆಲ್ ಬಿಚ್ಚಿದ ಕೂಡಲೇ ನಮ್ಮತ್ತೆ, "ಕುಬುಸದ ಬಟ್ಟೇನ ಒರಗೋಕೆ ಹಾಕ್ತಾರೇನೇ?" ಅಂದರು. ಈಗ ಅದಕ್ಕೇ ಒರಗಿ ಸೀರಿಯಲ್ ನೋಡುತ್ತಾರೆ, ಆ ಮಾತು ಬೇರೆ. ನಾನು ತಂದದ್ದು ಹದಿನಾರು ಇಂಚಿನ ಚೌಕ, ಕೆಂಪು ಮತ್ತು ಹಸಿರು, ಎರಡಕ್ಕೂ ಸಾಸಿವೆ ಬಣ್ಣದ ಅಂಚು. ಉದ್ದಕ್ಕೆ ಒಂದು ಬಣ್ಣದ ನೂಲು, ಅಡ್ಡಕ್ಕೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದಿರುವುದರಿಂದ ಹಸಿರು ಖಣ ಬೆಳಿಗ್ಗೆ ಕಿಟಕಿ ಬೆಳಕಿಗೆ ನವಿಲಿನ ಬಣ್ಣಕ್ಕೆ ತಿರುಗುತ್ತದೆ. ಟ್ಯೂಬ್‌ಲೈಟಿನಲ್ಲಿ ಅದೇ ಕವರ್ ಸ್ವಲ್ಪ ಮಂಕು. ಫೋಟೋ ನೋಡಿ ಕೊಳ್ಳುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಆನ್‌ಲೈನ್ ಅಂಗಡಿಯವರು 'ಸಿಲ್ಕ್ ಖಣ' ಅಂತ ಬರೆದಿದ್ದರು. ನನಗೆ ಅನುಮಾನ. ಒಳಗಿನ ಹೊಲಿಗೆಯ ಪಕ್ಕದಿಂದ ಒಂದೆರಡು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದೆ. ರೇಷ್ಮೆ ಆಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯಬೇಕು. ಇದು ಕರಗಿ ಗಟ್ಟಿ ಗುಂಡು ಆಯಿತು. ಪಾಲಿಯೆಸ್ಟರ್! ಒಂದಕ್ಕೆ ಮುನ್ನೂರೈವತ್ತು ರೂಪಾಯಿಗೆ ಅಸಲಿ ರೇಷ್ಮೆ ಸಿಗುವುದಿಲ್ಲ, ಗೊತ್ತು. ಹಾಗಂತ ಸುಳ್ಳು ಯಾಕೆ ಬರೆಯಬೇಕು? ದೂರು ಕೊಟ್ಟದ್ದಕ್ಕೆ ಕೈ ಮುಗಿದ ಚಿತ್ರ ಬಂತು, ಅಷ್ಟೇ. ಜಿಪ್ ಅಂತೂ ಕೇಳಲೇಬೇಡಿ. ತೆಳು ಪ್ಲಾಸ್ಟಿಕ್, ಮೊದಲ ಒಗೆತಕ್ಕೇ ಹಲ್ಲು ಬಿಟ್ಟಿತು.

ಹಿಂಭಾಗಕ್ಕೆ ಖಣ ಇಲ್ಲ, ಪ್ಲೇನ್ ಬಟ್ಟೆ ಕೊಟ್ಟಿದ್ದಾರೆ. ಇದನ್ನು ದೂರುವವರಿದ್ದಾರೆ, ನನಗೆ ಮಾತ್ರ ಇಷ್ಟವಾಯಿತು. ಮಕ್ಕಳು ಚಿಪ್ಸ್ ಹಿಡಿದು ಬಂದಾಗ ತಿರುಗಿಸಿಟ್ಟರೆ ಆಯಿತು.

ಲಂಬಾಣಿ ಕವರನ್ನು ಕರಕುಶಲ ಮೇಳದಲ್ಲಿ ಕೊಂಡೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ, ಅಂದರೆ ಇದು ಆ ಊರಿನದೇ ಕಲೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕನ್ನಡಿ, ಕವಡೆ, ಬಣ್ಣಬಣ್ಣದ ಚೂರು ಬಟ್ಟೆ, ಮೇಲೆ ಒತ್ತೊತ್ತಾಗಿ ಕೈಹೊಲಿಗೆ. ಎಷ್ಟು ಹೊತ್ತು ನೋಡಿದರೂ ಸಾಲದು. ಆದರೆ ಇದು ಒರಗುವ ದಿಂಬಲ್ಲ! ಮಧ್ಯಾಹ್ನ ಅದರ ಮೇಲೆ ಕೆನ್ನೆಯಿಟ್ಟು ಮಲಗಿದ ಮಗನ ಮುಖದ ಮೇಲೆ ಕವಡೆ ಅಚ್ಚು ಬಿದ್ದಿತ್ತು. ವಾಷಿಂಗ್ ಮೆಷಿನ್ನಿಗೆ ಹಾಕುವ ಹಾಗೂ ಇಲ್ಲ. ಈಗ ಅದು ಮೂಲೆಯ ಬೆತ್ತದ ಕುರ್ಚಿಯಲ್ಲಿ ಒಂದೇ ಕೂತಿದೆ. ಸೋಫಾದಲ್ಲಿ ಖಣದ ಪಕ್ಕ ಇಟ್ಟಾಗ ಎರಡೂ ಜಗಳಕ್ಕೆ ನಿಂತಂತಿದ್ದವು, ದೂರ ಮಾಡಿದ ಮೇಲೆ ಎರಡಕ್ಕೂ ಬೆಲೆ ಬಂತು.

ಇಷ್ಟೆಲ್ಲ ಬಣ್ಣದ ನಡುವೆ ಹಾಲ್ ಸಂತೆಯಾಗದಂತೆ ಕಾಪಾಡಿದ್ದು ಪ್ಲೇನ್ ಹತ್ತಿ ಕವರ್‌ಗಳು. ನಮ್ಮ ಮಾರ್ಕೆಟ್ಟಿನಲ್ಲೇ ಸಿಕ್ಕವು, ಬೆಲೆಯೂ ಕಮ್ಮಿ. ಒಂದು ಸಾಸಿವೆ ಬಣ್ಣ, ಅಂದರೆ ಖಣದ ಅಂಚಿನದ್ದೇ ಬಣ್ಣ. ಇನ್ನೊಂದು ಕೋರಾ ಬಿಳಿ, ಸ್ವಲ್ಪ ದಪ್ಪ ನೂಲಿನದು. ಎರಡು ತುದಿಗೆ ಖಣ, ನಡುವೆ ಇವೆರಡು. ಮಿಕ್ಸ್ ಅಂಡ್ ಮ್ಯಾಚ್ ಅಂತ ಸುಮ್ನೆ ಸಿಕ್ಕಿದ್ದೆಲ್ಲ ಪೇರಿಸಿದರೆ ಆಗುವುದಿಲ್ಲ. ಒಂದು ಬಣ್ಣವಾದರೂ ಎರಡು ಕಡೆ ಕಾಣಬೇಕು. ಚಿತ್ತಾರದ ದಿಂಬಿನ ಪಕ್ಕ ಚಿತ್ತಾರವಿಲ್ಲದ್ದು ಬರಬೇಕು.

ಕವರ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ಒಳಗಿನ ಫಿಲ್ಲರ್ ಬಗ್ಗೆ ಯೋಚಿಸುವುದೇ ಇಲ್ಲ. ಹದಿನಾರು ಇಂಚಿನ ಕವರ್‌ಗೆ ಹದಿನಾರು ಇಂಚಿನದ್ದೇ ಫಿಲ್ಲರ್ ಹಾಕಿದರೆ ನಾಲ್ಕೂ ಮೂಲೆ ಜೋಲುತ್ತವೆ. ಹದಿನೆಂಟು ಇಂಚಿನದು ತಂದು ತುರುಕಿ. ಅರ್ಧ ಚೆಂದ ಅದರಲ್ಲೇ ಇದೆ. ನಮ್ಮತ್ತೆಯ ಹಟಕ್ಕೆ ಒಂದಕ್ಕೆ ಹತ್ತಿ ತುಂಬಿಸಿದೆವು. ಭಾರ ಜಾಸ್ತಿ, ಆಮೇಲೆ ಗಂಟು ಕಟ್ಟಿತು, ಈಗ ಆಗಾಗ ಬಿಸಿಲಿಗೆ ಹಾಕಿ ಬಡಿಯಬೇಕು. ಫೈಬರ್ ಫಿಲ್ಲರ್ ಕೈಯಲ್ಲಿ ತಟ್ಟಿದರೆ ಮತ್ತೆ ಉಬ್ಬುತ್ತದೆ. ಹತ್ತಿ ಮಿಲ್ಲುಗಳಿಂದ ಹೆಸರಾದ ಊರಲ್ಲಿ ಕೂತು ಪಾಲಿಯೆಸ್ಟರ್ ಫೈಬರ್ ಹೊಗಳುವ ಕಾಲ ಬಂತು, ಏನು ಮಾಡೋದು!

ಒಗೆಯುವಾಗ ಕೆಂಪು ಖಣ ಬಣ್ಣ ಬಿಟ್ಟಿತು. ತಣ್ಣೀರು, ಬೇರೆ ಬಕೆಟ್, ತಿರುಗಿಸಿ ನೆರಳಲ್ಲಿ ಒಣಗಿಸುವುದು. ಕೋರಾ ಬಿಳಿ ಕವರನ್ನು ಅದರ ಹತ್ತಿರಕ್ಕೂ ಬಿಡಬೇಡಿ.

ಮತ್ತೆ ಕೊಳ್ಳುತ್ತೇನಾ? ಖಣ ಖಂಡಿತ, ಆ ಅಂಗಡಿಯಿಂದ ಅಲ್ಲ. ಮುಂದಿನ ಸಲ ಗುಳೇದಗುಡ್ಡದ ನೇಕಾರರಿಂದ ಹತ್ತಿ ನೂಲಿನ ಖಣವನ್ನೇ ಮೀಟರ್ ಲೆಕ್ಕದಲ್ಲಿ ತರಿಸಿ, ನಮ್ಮ ಬೀದಿಯ ಟೈಲರ್ ಹತ್ತಿರ ಹೊಲಿಸುತ್ತೇನೆ. ಜಿಪ್ ಮಾತ್ರ ನಾನೇ ಎಳೆದು ನೋಡಿ ತಂದುಕೊಡುತ್ತೇನೆ.