ಬಾರ್ಡರ್: ಲೋಂಗೆವಾಲಾದ ಮರಳು ಇನ್ನಷ್ಟು ಕಾಣಬೇಕಿತ್ತು

ಜೆ.ಪಿ. ದತ್ತಾ ಅವರ 1997ರ 'ಬಾರ್ಡರ್' 1971ರ ಭಾರತ-ಪಾಕಿಸ್ತಾನ ಯುದ್ಧದ ಲೋಂಗೆವಾಲಾ ಕಾಳಗದ ಕುರಿತ, ಸುಮಾರು ಮೂರು ಗಂಟೆಯ ಸಿನಿಮಾ. ಮೊದಲರ್ಧ ಹಾಡು, ಮನೆ, ಮದುವೆಗಳಲ್ಲೇ ಕಳೆಯುತ್ತದೆ. ಗಸ್ತು ತಂಡಕ್ಕೆ ಕತ್ತಲಲ್ಲಿ ಟ್ಯಾಂಕುಗಳ ಸುಳಿವು ಸಿಗುವವರೆಗೆ ತಾಳ್ಮೆ ಬೇಕು. ಅಲ್ಲಿಂದ ಮುಂದೆ ಕಣ್ಣು ಕೀಳಲಾಗುವುದಿಲ್ಲ.

1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಗಡಿಯ ಲೋಂಗೆವಾಲಾ ಸೇನಾ ಠಾಣೆಯಲ್ಲಿದ್ದದ್ದು 23ನೇ ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ, ಸುಮಾರು 120 ಜನ. ಎದುರಿಗೆ ಪಾಕಿಸ್ತಾನದ 2,000ದಷ್ಟು ಸೈನಿಕರು, 40ಕ್ಕೂ ಹೆಚ್ಚು ಟ್ಯಾಂಕ್. ಜೈಸಲ್ಮೇರಿನಲ್ಲಿದ್ದ ವಾಯುಪಡೆಯ ಹಂಟರ್ ವಿಮಾನಗಳು ರಾತ್ರಿ ದಾಳಿ ಮಾಡುವಂತಿರಲಿಲ್ಲ. ಹಾಗಾಗಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಮುಂದಿದ್ದದ್ದು ಒಂದೇ ಕೆಲಸ: ಬೆಳಗಾಗುವ ತನಕ ಠಾಣೆ ಬಿಡಬಾರದು. ಆ ಕಾಯುವಿಕೆಯ ಬಿಗಿಯನ್ನು ದತ್ತಾ ಚೆನ್ನಾಗಿ ಹಿಡಿದಿದ್ದಾರೆ. ಚಾಂದಪುರಿಯಾಗಿ ಸನ್ನಿ ಡಿಯೋಲ್ ಅಬ್ಬರಿಸುವಾಗಿನದಕ್ಕಿಂತ ವಿಮಾನ ಈಗಲೇ ಬರಲ್ಲ ಎಂಬ ಉತ್ತರವನ್ನು ನುಂಗಿಕೊಳ್ಳುವಾಗಲೇ ಹೆಚ್ಚು ನಂಬಿಸುತ್ತಾರೆ.

ಜೀಪಿನ ಮೇಲಿನ 106 ಮಿ.ಮೀ. ತೋಪನ್ನು ಗಮನಿಸಿ. ಹಾರಿಸಿದ ತಕ್ಷಣ ಹಿಂದುಗಡೆಯಿಂದಲೂ ಬೆಂಕಿ ಉಗುಳಿ ಮರಳೆಬ್ಬಿಸುತ್ತದೆ, ಅಡಗಿದ ಜಾಗ ಬಯಲಾಗುತ್ತದೆ. ಅದಕ್ಕೇ ಒಂದೆರಡು ಹೊಡೆದು ಜೀಪ್ ಜಾಗ ಬದಲಿಸಬೇಕು. ಟ್ಯಾಂಕಿನ ಮೂತಿಗಿಂತ ಪಕ್ಕ ಮತ್ತು ಹಿಂಭಾಗದ ಕವಚ ತೆಳು. ಹತ್ತಿರ ಬರಲಿ ಎಂದು ಕಾಯುವುದು ಬರೀ ಧೈರ್ಯವಲ್ಲ, ಲೆಕ್ಕಾಚಾರ.

ಮರಳಿನ ಪಾಲನ್ನು ಮಾತ್ರ ಚಿತ್ರ ಅರ್ಧಕ್ಕೇ ಬಿಟ್ಟಿದೆ. ಕೋಲಾರ ಚಿನ್ನದ ಗಣಿಯ (ಕೆಜಿಎಫ್) ತ್ಯಾಜ್ಯ ಮರಳಿನ ಸೈನೈಡ್ ದಿಬ್ಬ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನುಣ್ಣನೆ ಮರಳಲ್ಲಿ ಒದ್ದಾಡಿದಷ್ಟೂ ಕಾಲು ಹೂತುಕೊಳ್ಳುತ್ತದೆ. ಟ್ಯಾಂಕಿನ ಪಟ್ಟಿ ಭಾರ ಹಂಚುತ್ತದೆ, ನೇರ ಹೋದರೆ ಪರವಾಗಿಲ್ಲ; ತಿರುಗಿಸಿದ ಕಡೆ ಒಂದು ಬದಿ ಅಗೆದುಕೊಂಡು ಕೂರುತ್ತದೆ, ಎಂಜಿನ್ ಬಿಸಿಯೇರುತ್ತದೆ. ಅಂದು ಆದದ್ದೂ ಅದೇ. ಮುಳ್ಳುತಂತಿ ಕಂಡು ನೆಲಬಾಂಬ್ ಇರಬಹುದೆಂದು ದಾಳಿಕೋರರು ತಡೆದು ನಿಂತರು, ರಸ್ತೆ ಬಿಟ್ಟು ಇಳಿದವು ಹೂತವು. ಹೊತ್ತಿದ ಟ್ಯಾಂಕುಗಳ ಬೆಳಕಲ್ಲಿ ಕೆಳಗಿದ್ದವರೆಲ್ಲ ಠಾಣೆಯ ದಿಬ್ಬದ ಮೇಲಿದ್ದ ನಮ್ಮವರಿಗೆ ಸ್ಪಷ್ಟವಾಗಿ ಕಂಡರು.

ನಿಜವಾಗಿ ನೋಯಿಸುವುದು ಸಾವಿನ ಲೆಕ್ಕ. ಆ ಕಂಪನಿ ಕಳೆದುಕೊಂಡದ್ದು ಇಬ್ಬರನ್ನು. ತೆರೆಯ ಮೇಲೆ ಸಾಲುಸಾಲಾಗಿ ಸಾಯುತ್ತಾರೆ. ಸುನೀಲ್ ಶೆಟ್ಟಿ ಮಾಡಿದ ಭೈರೋನ್ ಸಿಂಗ್ ಚಿತ್ರದಲ್ಲಿ ಪ್ರಾಣ ಬಿಡುತ್ತಾರೆ. ಗಡಿ ಭದ್ರತಾ ಪಡೆಯ ನಿಜವಾದ ಭೈರೋನ್ ಸಿಂಗ್ ರಾಠೋಡ್ ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ, ಯುದ್ಧವಾಗಿ 51 ವರ್ಷಕ್ಕೆ. ಅಷ್ಟು ಜನ ಬದುಕುಳಿದದ್ದೇ ಆ ರಾತ್ರಿಯ ದೊಡ್ಡ ಸಂಗತಿ. ಅದನ್ನು ತೋರಿಸಿದ್ದರೆ ಚಿತ್ರ ಒಂದು ಗುಲಗಂಜಿಯಷ್ಟೂ ಸಣ್ಣದಾಗುತ್ತಿರಲಿಲ್ಲ.

ಫೋನಿನಲ್ಲಿ ನೋಡಬೇಡಿ, ಕತ್ತಲ ದೃಶ್ಯಗಳು ಮಸಿಯಾಗುತ್ತವೆ. ಟಿವಿಯಲ್ಲಿ ದೀಪ ಆರಿಸಿ, ದನಿ ಏರಿಸಿ ನೋಡಿ. ಮುಗಿದ ಮೇಲೆ ಅಂದು ಆಕಾಶದಿಂದ ತೆಗೆದ ಫೋಟೊಗಳನ್ನು ಹುಡುಕಿ: ಬೆಳಗಾದ ಮೇಲೆ ಬಂದ ವಿಮಾನಗಳ ದಾಳಿಯಿಂದ ತಪ್ಪಿಸಿಕೊಳ್ಳಲು ಟ್ಯಾಂಕ್ ಮರಳ ಮೇಲೆ ಸುತ್ತಿ ಸುತ್ತಿ ಬಿಟ್ಟ ಗುರುತು, ಯಾರೋ ಮಗು ಪೆನ್ಸಿಲಲ್ಲಿ ಗೀಚಿದ ಹಾಗಿದೆ.