ಮೀಟರ್‌ನಲ್ಲಿ 38,000, ಟೈರ್‌ನಲ್ಲಿ ಬೇರೆಯೇ ಲೆಕ್ಕ

2016ರ ಡೀಸೆಲ್ ಹ್ಯಾಚ್‌ಬ್ಯಾಕ್, ಫಸ್ಟ್ ಓನರ್, 38,000 ಕಿ.ಮೀ., ಡಾಕ್ಟರ್ ಓಡಿಸಿದ ಗಾಡಿ. ಜಾಹೀರಾತಿನಲ್ಲಿ ಇದ್ದದ್ದು ಇಷ್ಟು. (ಮಾರಾಟಕ್ಕಿರುವ ಹಳೇ ಕಾರುಗಳನ್ನು ನೋಡಿದರೆ ಊರಲ್ಲಿ ಇಷ್ಟೊಂದು ಡಾಕ್ಟರುಗಳಿದ್ದೂ ಆಸ್ಪತ್ರೆಯಲ್ಲಿ ಕ್ಯೂ ಯಾಕೆ ಅನ್ನಿಸುತ್ತದೆ.) 2024ರಲ್ಲಿ ಓನರ್‌ನಿಂದಲೇ ನೇರ ವ್ಯಾಪಾರ, ನಡುವೆ ಬ್ರೋಕರ್ ಇಲ್ಲ. ಕಡಿಮೆ ಓಡಿದೆ ಅನ್ನುವ ಒಂದೇ ಕಾರಣಕ್ಕೆ ಮಾರುಕಟ್ಟೆ ರೇಟಿಗಿಂತ 60 ಸಾವಿರ ಜಾಸ್ತಿ ಕೊಟ್ಟದ್ದಾಯಿತು.

ಮೀಟರ್ 47,000 ತೋರಿಸುತ್ತಿದ್ದಾಗ ಟೈಮಿಂಗ್ ಬೆಲ್ಟ್ ತುಂಡಾಯಿತು. ಆ ಎಂಜಿನ್‌ಗೆ 1 ಲಕ್ಷ ಕಿ.ಮೀ.ಗೆ ಬೆಲ್ಟ್ ಬದಲಿಸಬೇಕು. ಮೀಟರ್ ನಂಬಿದವರು ಇನ್ನೂ ಅರ್ಧ ಆಯಸ್ಸಿದೆ ಅಂದುಕೊಂಡಿದ್ದರು. ಬೆಲ್ಟ್ ಹೋದರೆ ವಾಲ್ವ್‌ಗಳ ತಾಳ ತಪ್ಪಿ ಪಿಸ್ಟನ್‌ಗೆ ಬಡಿಯುತ್ತವೆ, ಬಾಗುತ್ತವೆ. ಹೆಡ್ ಇಳಿಸಿ ರಿಪೇರಿ ಮುಗಿಯುವಷ್ಟರಲ್ಲಿ 70 ಸಾವಿರ. ಆಮೇಲೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಹಳೆಯ ಜಾಬ್ ಕಾರ್ಡ್ (ಪ್ರತಿ ಸರ್ವಿಸ್‌ನ ದಾಖಲೆ) ತೆಗೆಸಿದರೆ, 2021ರಲ್ಲೇ ಗಾಡಿ 96,000 ಓಡಿತ್ತು.

ಹೀಗೆ ಮೀಟರ್ ಹಿಂದಕ್ಕೆ ತಿರುಗಿಸಿದ ಗಾಡಿಯಲ್ಲಿ ಜಾಸ್ತಿ ಕೊಟ್ಟ ದುಡ್ಡು ಸಣ್ಣ ನಷ್ಟ. ಬೆಲ್ಟ್, ಕ್ಲಚ್ ಪ್ಲೇಟ್, ಗೇರ್ ಆಯಿಲ್, ಎಲ್ಲದರ ಸರದಿಯೂ ಕಿಲೋಮೀಟರ್ ಲೆಕ್ಕದಲ್ಲೇ ಬರುವುದರಿಂದ ಆ ಲೆಕ್ಕ ಸುಳ್ಳಾದರೆ ಮುಂದಿನದ್ದೆಲ್ಲ ಸುಳ್ಳು. ಡಿಜಿಟಲ್ ಮೀಟರ್ ಅಂದರೆ ಭದ್ರ ಅನ್ನುವುದೂ ಭ್ರಮೆ. ಓಡಿದ ಲೆಕ್ಕ ಮೀಟರ್ ಒಳಗಿನ ಸಣ್ಣ ಮೆಮೊರಿ ಚಿಪ್‌ನಲ್ಲಿ ಕೂತಿರುತ್ತದೆ. ಚಿಪ್ ಬಿಚ್ಚಿಯೋ, ಕೆಲವು ಗಾಡಿಗಳಲ್ಲಿ ಸ್ಟೀರಿಂಗ್ ಕೆಳಗೆ, ಗಾಡಿಯ ಕಂಪ್ಯೂಟರ್ ಪರೀಕ್ಷಿಸಲು ಇರುವ ಓಬಿಡಿ ಪೋರ್ಟ್‌ಗೆ ಉಪಕರಣ ಸಿಕ್ಕಿಸಿಯೋ ಬೇಕಾದ ಅಂಕಿ ಬರೆಯುತ್ತಾರೆ. ಬಿಚ್ಚಿದ ಗುರುತೂ ಉಳಿಯದೆ ಇರಬಹುದು.

ಈ ಗಾಡಿಯ ಸುಳ್ಳು ಕೊಳ್ಳುವ ದಿನವೇ ಟೈರ್ ಮೇಲೆ ಬರೆದಿತ್ತು. ಟೈರ್ ಪಕ್ಕದಲ್ಲಿ ಡಿಒಟಿ ಅನ್ನುವ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಒಂದು ಪಕ್ಕದಲ್ಲಿ ಕಾಣದಿದ್ದರೆ ಒಳಪಕ್ಕ ನೋಡಬೇಕು. ನಾಲ್ಕೂ ಟೈರ್ ಮೇಲೆ 1421, ಅಂದರೆ 2021ರ 14ನೇ ವಾರದವು. ‘ಹಳೇದಾಗಿತ್ತು, ಅದಕ್ಕೇ ಹಾಕಿಸಿದ್ವಿ’ ಅಂದರೆ ಒಪ್ಪಬಹುದಾದ ಮಾತೇ. ಆದರೆ ಆ ಟೈರ್‌ಗಳೂ ಸವೆದು, ಮೇಲಿನ ತೋಡುಗಳ ನಡುವಿನ ಸವೆತದ ಗುರುತಿಗೆ ಬಂದು ಮುಟ್ಟಿದ್ದವು. ಆ ಗುರುತು ಇರುವುದು 1.6 ಮಿ.ಮೀ.ನಲ್ಲಿ, ಹೊಸ ಟೈರ್‌ನ ತೋಡು ಸುಮಾರು 8 ಮಿ.ಮೀ. ಆಳ. ಇಷ್ಟು ಸವೆಯಲು ಸಾಮಾನ್ಯವಾಗಿ 40,000 ಕಿ.ಮೀ. ಓಡಬೇಕು. ಎಂಟು ವರ್ಷದ ಕಾರಿಗಿಂತ ಮೂರು ವರ್ಷದ ಟೈರ್ ಜಾಸ್ತಿ ಓಡಿದೆ ಅನ್ನುವ ಲೆಕ್ಕ ಯಾವ ಶಾಲೆಯಲ್ಲೂ ಕೂಡುವುದಿಲ್ಲ.

ಇನ್ನೊಂದು ಲೆಕ್ಕಕ್ಕೆ ಗಾಡಿ ನೋಡುವುದೇ ಬೇಕಿಲ್ಲ. ಎಂಟು ವರ್ಷಕ್ಕೆ 38,000 ಅಂದರೆ ದಿನಕ್ಕೆ 13 ಕಿ.ಮೀ. ಅಷ್ಟು ಓಡಿಸುವವರು ಪೆಟ್ರೋಲ್ ಬಿಟ್ಟು ಜಾಸ್ತಿ ದುಡ್ಡು ಹಾಕಿ ಡೀಸೆಲ್ ಯಾಕೆ ತಗೊಂಡರು? ಡೀಸೆಲ್ ಗಾಡಿಯಲ್ಲಿ ಕಡಿಮೆ ಕಿ.ಮೀ. ಕಂಡ ಕೂಡಲೇ ಮೊದಲು ಕೇಳಬೇಕಾದ ಪ್ರಶ್ನೆ ಇದು. ಫಾಸ್ಟ್ಯಾಗ್‌ನ ಒಂದು ವರ್ಷದ ಸ್ಟೇಟ್‌ಮೆಂಟ್ ತೆರೆದು ತೋರಿಸಿ ಅನ್ನಿ. ತಿಂಗಳಿಗೆ ನಾಲ್ಕು ಸಲ ಬೆಂಗಳೂರಿನಿಂದ ಹಾಸನಕ್ಕೆ ಹೋಗಿ ಬಂದರೂ ವರ್ಷಕ್ಕೆ 17,000 ಕಿ.ಮೀ. ಆಗುತ್ತದೆ. ಮೀಟರ್ ತಿರುಗಿಸುವವರಿಗೆ ಟೋಲ್ ಗೇಟಿನ ನೆನಪು ಇರುವುದಿಲ್ಲ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಜಾಬ್ ಕಾರ್ಡ್. ಓನರ್‌ನ ಜೊತೆಗೇ ಸರ್ವಿಸ್ ಸೆಂಟರ್‌ಗೆ ಹೋಗಿ, ಚಾಸಿಸ್ ನಂಬರ್ ಕೊಟ್ಟು ಪೂರ್ತಿ ಹಿಸ್ಟರಿ ಕೇಳಿ. ಓನರ್ ಫೋನಲ್ಲಿ ಕಳಿಸುವ ಫೋಟೋ ಬೇಡ. ಹಿಸ್ಟರಿ ಯಾವುದೋ ಒಂದು ವರ್ಷದಲ್ಲಿ ದಿಢೀರನೆ ನಿಂತಿದ್ದರೆ ಅಲ್ಲಿಂದಾಚೆಗಿನ ಅಂಕಿಯನ್ನು ನಂಬಬೇಡಿ. ಹೊರಗಿನ ಗ್ಯಾರೇಜಿಗೆ ಹೋದದ್ದು ತಪ್ಪಲ್ಲ, ಬಿಲ್ ಇಲ್ಲದ್ದು ಅನುಮಾನ. ಆಯಿಲ್ ಬದಲಿಸಿದಾಗ ಬಾನೆಟ್ ಒಳಗೋ ಬಾಗಿಲ ಕಂಬದ ಮೇಲೋ ಅಂಟಿಸುವ ಸ್ಟಿಕ್ಕರ್ ಎಷ್ಟೋ ಸಲ ಮಾರುವವರ ಕಣ್ಣಿಗೆ ಬಿದ್ದಿರುವುದಿಲ್ಲ.

ಓಬಿಡಿ ಪೋರ್ಟ್‌ಗೆ ಸಿಕ್ಕಿಸುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಕೂಡ ಉಪಯೋಗಕ್ಕೆ ಬರುತ್ತದೆ. ಹಳೆಯ ಎರರ್ ಕೋಡ್‌ಗಳನ್ನು ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಅನ್ನುವುದನ್ನು ಅನೇಕ ಗಾಡಿಗಳ ಎಂಜಿನ್ ಕಂಪ್ಯೂಟರ್ ಎಣಿಸಿಟ್ಟಿರುತ್ತದೆ. ಈ ಎಣಿಕೆ 65,535 ಕಿ.ಮೀ.ವರೆಗೆ ಹೋಗುತ್ತದೆ. ಮೀಟರ್ 38,000 ಅಂದು ಈ ಎಣಿಕೆ 52,000 ಅಂದರೆ ಮಾತು ಮುಗಿಯಿತು. ಎಣಿಕೆ ಬರೀ 20 ಕಿ.ಮೀ. ಇದ್ದರೆ ಮೊನ್ನೆ ಮೊನ್ನೆ ಯಾರೋ ಕೋಡ್ ಅಳಿಸಿದ್ದಾರೆ. ಯಾಕೆ ಅಂತ ಕೇಳಿ.

ಒಳಗೆ ಕೂತಾಗ ಸೀಟ್ ಕವರ್, ಸ್ಟೀರಿಂಗ್ ಕವರ್ ಎರಡನ್ನೂ ಬಿಚ್ಚಿಸಿ. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಇಳಿದಿದೆಯೇ, ಸ್ಟೀರಿಂಗ್ ಹಿಡಿಯುವ ಜಾಗ ನುಣುಪಾಗಿ ಹೊಳೆಯುತ್ತಿದೆಯೇ ನೋಡಿ. ಕ್ಲಚ್ ಪೆಡಲ್ ರಬ್ಬರ್ ಸವೆದಿದ್ದರೆ ಅನುಮಾನ. 38,000 ಓಡಿದ ಗಾಡಿಯಲ್ಲಿ ಹೊಚ್ಚ ಹೊಸದಿದ್ದರೆ ಇನ್ನೂ ಹೆಚ್ಚು ಅನುಮಾನ. ಚಕ್ರದ ಕಡ್ಡಿಗಳ ನಡುವೆ ಬೆರಳು ಹಾಕಿ ಬ್ರೇಕ್ ಡಿಸ್ಕ್ ಅಂಚನ್ನು ಸವರಿದರೆ ಎದ್ದ ಏಣು, ಅಂದರೆ ಸವೆತದ ಗುರುತು, ಸಿಗುತ್ತದೆಯೇ ತಿಳಿಯುತ್ತದೆ. ಡಿಸ್ಕ್ ತಣ್ಣಗಿರಲಿ, ಬೆರಳು ನಿಮ್ಮದೇ.

ನಿಜವಾಗಿಯೂ ಕಡಿಮೆ ಓಡಿದ ಗಾಡಿಗಳೂ ಇವೆ. ಅವಕ್ಕೂ ಖರ್ಚಿದೆ. ನಿಂತಲ್ಲೇ ನಿಂತ ಗಾಡಿಯಲ್ಲಿ ಬ್ಯಾಟರಿ ಸಾಯುತ್ತದೆ, ಟೈರ್ ಗಟ್ಟಿಯಾಗುತ್ತದೆ, ಬ್ರೇಕ್ ಆಯಿಲ್ ನೀರು ಹೀರುತ್ತದೆ, ವೈರಿಂಗ್ ಇಲಿಗಳ ಪಾಲು. ಬಿಎಸ್6 ಡೀಸೆಲ್ ಆದರೆ ಹತ್ತಿರದ ಓಡಾಟದಲ್ಲೇ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನೀರಲ್ಲಿ ಮುಳುಗಿ ನಿಂತದ್ದಕ್ಕೂ ಕಡಿಮೆ ಓಡಿರಬಹುದು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಮುಳುಗಿದ ಕಾರುಗಳನ್ನು ಯಾರೂ ಮರೆತಿಲ್ಲ. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದು ನೋಡಿ. ಮಣ್ಣಿನ ಗೆರೆ ಇದ್ದರೆ ಅಲ್ಲಿರುತ್ತದೆ.

ಇದೆಲ್ಲ ಟೋಕನ್ ಅಡ್ವಾನ್ಸ್ ಕೊಡುವ ಮೊದಲೇ ಆಗಬೇಕು, ಯಾಕೆಂದರೆ ಆಮೇಲೆ ಹಿಡಿಯುವುದು ಕಷ್ಟ. ಮಾರಿದವರು ವ್ಯಾಪಾರಿ ಅಲ್ಲ, ತಮ್ಮ ಸ್ವಂತ ಗಾಡಿ ಮಾರಿದ ಖಾಸಗಿ ವ್ಯಕ್ತಿ. ಗ್ರಾಹಕರ ವೇದಿಕೆಯ ದಾರಿ ಹೆಚ್ಚೂಕಡಿಮೆ ಮುಚ್ಚಿದಂತೆ. ಉಳಿಯುವುದು ವಂಚನೆಯ ದೂರು ಅಥವಾ ಸಿವಿಲ್ ಕೋರ್ಟ್. ಎರಡಕ್ಕೂ ಕಾಗದ ಬೇಕು. ಒಪ್ಪಂದದಲ್ಲಿ ಆ ದಿನದ ಮೀಟರ್ ಅಂಕಿ ಬರೆಸಿ, ‘ಮೀಟರ್ ಬದಲಿಸಿಲ್ಲ, ತಿದ್ದಿಲ್ಲ’ ಅನ್ನುವ ಸಾಲಿನ ಕೆಳಗೆ ಸಹಿ ಹಾಕಿಸಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆ ಸಾಲಿಗೆ ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಅಲ್ಲೇ ವಾಪಸ್ ಬನ್ನಿ. ಕೊಂಡದ್ದೇ ಆದರೆ, ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30 ಆರ್‌ಟಿಒಗೆ ಹೋಗುವ ಜೊತೆಗೇ ಇನ್ಶೂರೆನ್ಸ್ ಹೆಸರು ಬದಲಾವಣೆಗೂ 14 ದಿನದೊಳಗೆ ಅರ್ಜಿ ಹಾಕಬೇಕು. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮಾರಿದವರದ್ದು, ನಿಮಗೆ ಬರುವುದಿಲ್ಲ. ಆ ವ್ಯತ್ಯಾಸದ ದುಡ್ಡು ನೀವು ಕಟ್ಟಬೇಕಾಗುತ್ತದೆ. ಗಾಡಿಯ ಬೆಲೆ ಮಾತಾಡುವಾಗಲೇ ಅದನ್ನೂ ಬೆಲೆಯಿಂದ ಕಳೆಯಿರಿ.